ಬರೆ ಬೇಡ, ಎರಡು ಕೈ ಸಾಕು

ನಮ್ಮ ಕಡೆ ಎತ್ತು ಕುಂಟಿದರೂ ಬರೆ, ನಾಯಿ ಸೊಂಟ ಎಳೆದರೂ ಬರೆ. ಕುಡುಗೋಲು ಕೆಂಪಗೆ ಕಾಯಿಸಿ ಚರ್ಮ ಸುಡುವುದು. ಇದು ನಿಲ್ಲಬೇಕು. ಸುಟ್ಟ ಚರ್ಮದಿಂದ ಒಳಗಿನ ನರ ರಿಪೇರಿ ಆಗುವುದಿಲ್ಲ. ಮೊದಲೇ ನೋವು ತಿನ್ನುವ ಪ್ರಾಣಿಗೆ ಮೇಲೊಂದು ಹುಣ್ಣು, ನೊಣ ಕೂತರೆ ಅದರಲ್ಲಿ ಹುಳ. "ಬರೆ ಹಾಕಿದ ಮ್ಯಾಲೆ ಎದ್ದಾವಲ್ಲ" ಅನ್ನುವವರಿದ್ದಾರೆ. ಎದ್ದಿರಬಹುದು. ನರದ ಸುತ್ತ ಬಾವು ಬಂದಿದ್ದರೆ, ಬಾವು ಇಳಿದಂತೆ ಕಾಲಿಗೆ ಶಕ್ತಿ ಬರುತ್ತದೆ. ಅದು ಬರೆ ಇಲ್ಲದೆಯೂ ಏಳುತ್ತಿತ್ತು. ಹೆಸರು ಮಾತ್ರ ಕುಡುಗೋಲಿಗೆ.

ಹಾಗಂತ ಒಂದು ಇಂಜೆಕ್ಷನ್ ಮಾಡಿಸಿ ಮನೆಗೆ ತಂದು ಮೂಲೆಗೆ ಹಾಕಿದರೂ ಆಗುವುದಿಲ್ಲ. ನಡುವೆ ಒಂದು ದೊಡ್ಡ ಕೆಲಸ ಐತಿ. ಅದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ಮೂರು ವರ್ಷದ ಕೆಳಗೆ ಮೈಲಾರದ ಕಾರಣಿಕ ಮುಗಿದು ಜನ ಚದುರಿದ ಮಾರನೆಯ ದಿನ ರಸ್ತೆ ಪಕ್ಕ ಒಂದು ಕಂದು ಹೆಣ್ಣುನಾಯಿ ಬಿದ್ದಿತ್ತು. ಬೈಕು ಬಡಿದದ್ದನ್ನು ಅಂಗಡಿಯವರು ಕಂಡಿದ್ದರು. ಹಿಂದಿನ ಎರಡೂ ಕಾಲು ಎಳೆಯುತ್ತಿತ್ತು. ಮೈಲಾರದಾಗ ಗೊರವಪ್ಪಗಳು ಲಿಂಗಪ್ಪನ ನಾಯಿಗಳಾಗಿ ಬೊಗಳುತ್ತಾರೆ, ನಾವು ಅವರ ದೋಣಿಗೆ ಹಾಲು ಬಾಳೆಹಣ್ಣು ಹಾಕಿ ಕೈ ಮುಗಿಯುತ್ತೇವೆ. ನಿಜವಾದ ನಾಯಿ ಬಿದ್ದಿದ್ದರೆ ದಾಟಿ ಹೋಗುತ್ತೇವೆ. 2022ರಲ್ಲಿ '777 ಚಾರ್ಲಿ' ಸಿನೆಮಾ ನೋಡಿ ಕಣ್ಣು ಒರೆಸಿಕೊಂಡವರೂ ಅದರಲ್ಲಿ ಇರಬೇಕು. ಇರಲಿ.

ಬಾಯಿಗೆ ಸಡಿಲಾಗಿ ಬಟ್ಟೆ ಕಟ್ಟಿ, ಬೆನ್ನು ಬಾಗದಂತೆ ಹಲಗೆ ಮೇಲೆ ಮಲಗಿಸಿ ತಂದೆ. ಎತ್ತುವಾಗ ಸೊಂಟ ಜೋತುಬಿದ್ದರೆ ಉಳಿದ ನರವೂ ಹೋದೀತು. ಡಾಕ್ಟ್ರು ಮೊದಲು ಹಿಂಗಾಲಿನ ಬೆರಳನ್ನು ಚಿಮಟದಿಂದ ಒತ್ತಿದರು. ಕಾಲು ಹಿಂದಕ್ಕೆ ಎಳೆದುಕೊಂಡಿತು. ನನಗೆ ಖುಷಿ. ಅವರು, "ಅದನ್ನ ನೋಡಬ್ಯಾಡ್ರಿ, ಮುಖ ನೋಡ್ರಿ" ಅಂದರು. ಕಾಲು ತಾನಾಗಿಯೂ ಎಳೆದುಕೊಳ್ಳುತ್ತದಂತೆ, ಅದಕ್ಕೆ ಮಿದುಳು ಬೇಕಿಲ್ಲ. ನಾಯಿ ತಿರುಗಿ ನೋಡಿದರೆ, ಇಲ್ಲವೇ ಕುಂಯ್‌ಗುಟ್ಟಿದರೆ ನೋವು ತಲೆವರೆಗೆ ಮುಟ್ಟಿದೆ, ಆಸೆ ಇಟ್ಟುಕೊಳ್ಳಬಹುದು. ನಮ್ಮದು ತಿರುಗಿ ನೋಡಿತು. ಎಕ್ಸ್‌ರೇದಲ್ಲಿ ಬೆನ್ನುಮೂಳೆ ಸರಿದಿರಲಿಲ್ಲ. ಮೂಳೆ ಮುರಿದು, ಒತ್ತಿದ್ದೂ ಗೊತ್ತಾಗದಿದ್ದರೆ ಮತ್ತೆ ನಡೆಯುವ ಸಂಭವ ಬಹಳ ಕಮ್ಮಿ.

ಇನ್ನು ಮುಂದಿನದು ಮನೆಯ ಕೆಲಸ. ಮೊದಲ ಎರಡು ವಾರ ಬರೇ ವಿಶ್ರಾಂತಿ. ಅಡಿಗೆ ಹುಲ್ಲು, ಮೇಲೆ ಹಳೇ ಕೌದಿ. ನಾಲ್ಕು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಎಲುಬು ಒತ್ತಿದಲ್ಲಿ ಹುಣ್ಣು ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡದು ಉಚ್ಚೆ. ಸೊಂಟ ಹೋದ ನಾಯಿ ತಾನಾಗಿ ಹೊಯ್ಯುವುದಿಲ್ಲ. ಚೀಲ ತುಂಬಿ ಹನಿ ಹನಿ ಸೋರುತ್ತದೆ, ನಾವು ಹೊಯ್ತು ಅಂದುಕೊಳ್ಳುತ್ತೇವೆ. ಒಳಗೆ ನಿಂತದ್ದು ಕೊಳೆತು ಸೋಂಕು ಆಗುತ್ತದೆ. ಇಂಥ ನಾಯಿಗಳನ್ನು ಕಾಲಿಗಿಂತ ಈ ಸೋಂಕೇ ಹೆಚ್ಚು ಕಾಡುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಯ ಹಿಂಭಾಗ ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ಖಾಲಿ ಮಾಡಬೇಕು. ಇದನ್ನು ಓದಿ ಕಲಿಯಬೇಡಿ. ಜೋರಾಗಿ ಒತ್ತಿದರೆ ಚೀಲ ಒಡೆಯುತ್ತದೆ. ಡಾಕ್ಟ್ರ ಕೈ ಮೇಲೆ ನಿಮ್ಮ ಕೈ ಇಟ್ಟು ಕಲಿಯಿರಿ. ನನ್ನ ಹೆಂಡತಿಗೆ ಎರಡೇ ದಿನಕ್ಕೆ ಬಂತು, ನನಗೆ ಒಂದು ವಾರ ಹಿಡಿಯಿತು.

ಡಾಕ್ಟ್ರು ಒಪ್ಪಿದ ಮೇಲೆ ಕಾಲು ಆಡಿಸುವುದು. ಸ್ವಲ್ಪ ಬಿಸಿಬಟ್ಟೆ ಶಾಖ, ತೊಡೆ ತಿಕ್ಕುವುದು, ಆಮೇಲೆ ಒಂದೊಂದೇ ಕೀಲನ್ನು ಹತ್ತು ಹದಿನೈದು ಸಲ ಮಡಿಸಿ ಚಾಚುವುದು. ದಿನಕ್ಕೆ ಮೂರು ಸಲ. ಗಳೆ ಹೊಡೆದು ಬಂದ ಎತ್ತಿನ ಮೈ ತಿಕ್ಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆ ಕೆಳಗೆ ಗೋಣಿಚೀಲ ತೂರಿಸಿ ಹಿಂಭಾಗ ಎತ್ತಿ ಹಿಡಿದು ನಿಲ್ಲಿಸುತ್ತಿದ್ದೆವು, ಮೊದಲು ಒಂದು ನಿಮಿಷ, ಆಮೇಲೆ ಐದು. ಪಾದ ಮಡಚಿಕೊಂಡರೆ ಕೈಯಿಂದ ಬಿಡಿಸಿ ಅಂಗಾಲು ನೆಲಕ್ಕೆ ಊರಿಸಬೇಕು.

ಬೆಂಗಳೂರಿನಂಥ ಊರಲ್ಲಿ ನಾಯಿಯನ್ನು ನೀರಿನೊಳಗೆ ನಡೆಸುವ ಯಂತ್ರ ಇಟ್ಟ ದವಾಖಾನೆಗಳಿವೆ. ಅದರ ಗುಟ್ಟು ಸರಳ. ಸೊಂಟದ ಕೀಲಿನ ಮಟ್ಟಕ್ಕೆ ನೀರಿದ್ದರೆ ನಾಯಿಯ ಕಾಲ ಮೇಲೆ ಬೀಳುವ ಭಾರ ನೂರಕ್ಕೆ ಸುಮಾರು 38 ಪಾಲು ಮಾತ್ರ. ನೀರೇ ಹೊರುತ್ತದೆ. ನನ್ನದು ಮಳೆ ನಂಬಿದ ಜೋಳ, ಸಜ್ಜೆ. ಫಾಲ್ಗುಣದಲ್ಲಿ ಹಳ್ಳದಾಗೂ ನೀರಿಲ್ಲ. ದಾಯಾದಿಯ ಮಲ್ಲಿಗೆ ತೋಟದ ಸಿಮೆಂಟ್ ತೊಟ್ಟಿಯಲ್ಲಿ ಅದರ ಸೊಂಟದ ಮಟ್ಟಕ್ಕೆ ನೀರು ಬಿಟ್ಟು ನಿಲ್ಲಿಸಿದೆವು. ನಾಲ್ಕನೇ ವಾರದಿಂದ ದಿನಾ ಐದು ನಿಮಿಷ. ಕೃಷಿ ಹೊಂಡಕ್ಕೆ ಮಾತ್ರ ಇಳಿಸಬೇಡಿ, ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ನಾಯಿಯ ಜೊತೆ ನೀವೂ ಹೋಗುತ್ತೀರಿ.

ಹನ್ನೊಂದನೇ ವಾರ ತಾನೇ ಎದ್ದು ಉಂಡ ತಟ್ಟೆಯವರೆಗೆ ನಡೆಯಿತು. ಎಡಗಾಲು ಈಗಲೂ ಎಳೆಯುತ್ತದೆ, ಓಡಿದರೆ ಸೊಂಟ ಹೊಯ್ದಾಡುತ್ತದೆ. ಶೇಂಗಾ ಹೊಲಕ್ಕೆ ಹಂದಿ ಬಂದರೆ ಬೊಗಳಿ ಎಬ್ಬಿಸುತ್ತದೆ. ಎಕ್ಸ್‌ರೇ, ಔಷಧ, ಗಾಡಿ ಬಾಡಿಗೆ ಎಲ್ಲ ಸೇರಿ 3,400 ರೂಪಾಯಿ ಆಯಿತು. "ಎರಡು ಕುರಿಮರಿಗೆ ವರ್ಷದ ಔಷಧ ಬರ್ತಿತ್ತಲ್ಲೋ ಯಣ್ಣಾ" ಅಂದ ಪಕ್ಕದ ಹೊಲದವನು. ಬರುತ್ತಿತ್ತು. ಕುರಿಗೂ ನಾನು ಹಾಕುತ್ತೇನೆ, ಅದು ಬೇರೆ ಲೆಕ್ಕ.

ಎಣ್ಣೆ, ಅರಿಶಿಣ, ಸೂಜಿ ಚುಚ್ಚುವ ಚೀನೀ ಚಿಕಿತ್ಸೆ ಅಂತ ಈಗ ಬಹಳ ಹೇಳುತ್ತಾರೆ. ಡಾಕ್ಟ್ರು ನೋಡಿ ರೋಗ ತಿಳಿದ ಮೇಲೆ ಜೊತೆಗೆ ಮಾಡಿದರೆ ನನ್ನ ಅಡ್ಡಿ ಇಲ್ಲ. ಅದನ್ನೇ ನಂಬಿ ಉಚ್ಚೆ ಒತ್ತುವುದು ಬಿಟ್ಟರೆ ನಾಯಿ ಸಾಯುತ್ತದೆ. ನಮಗೆ ಕೊಟ್ಟ ನೋವಿನ ಗುಳಿಗೆಯನ್ನಂತೂ ಹಾಕಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಿಂದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ. ಇನ್ನೊಂದು ಭಯದ ಮಾತು. ಪೆಟ್ಟು ಬಿದ್ದದ್ದನ್ನು ಯಾರೂ ಕಂಡಿಲ್ಲ, ಹಿಂಗಾಲು ಸೋತಿದೆ, ದವಡೆ ಜೋತಿದೆ, ಜೊಲ್ಲು ಸುರಿಯುತ್ತಿದೆ ಅಂದರೆ ಮುಟ್ಟಬೇಡಿ. ಅದು ರೇಬಿಸ್ ಇರಬಹುದು. ಹುಚ್ಚುನಾಯಿ ಎಲ್ಲವೂ ಅಟ್ಟಿಸಿಕೊಂಡು ಬರುವುದಿಲ್ಲ, ಸುಮ್ಮನೆ ಬಿದ್ದಿರುವುದೂ ಉಂಟು. ಹಲ್ಲು ತಾಗಿದರೆ ಹದಿನೈದು ನಿಮಿಷ ಸಬಕಾರ ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಸೂಜಿ ಹಾಕಿಸಿಕೊಳ್ಳಿ.

ಸರಕಾರ 2022ರಲ್ಲಿ ಪಶು ಸಂಜೀವಿನಿ ಗಾಡಿ ಬಿಟ್ಟಿತು, 1962ಕ್ಕೆ ಫೋನ್ ಮಾಡಿದರೆ ಕೊಟ್ಟಿಗೆಗೇ ಡಾಕ್ಟ್ರು ಬರುತ್ತಾರೆ. ಒಳ್ಳೆಯದು. ಗಾಡಿ ತಿರುಗಿ ಹೋದ ಮೇಲೆ ಏನು? ನೆಲ ಹಿಡಿದ ಹಸುವಿಗೂ ಇದೇ ಕತೆ. ಕ್ಯಾಲ್ಸಿಯಂ ಏರಿಸಿ ಹೋಗುತ್ತಾರೆ, ಗಟ್ಟಿ ನೆಲದ ಮೇಲೆ ಒಂದೇ ಮಗ್ಗಲು ಬಿದ್ದ ಹಸುವಿನ ತೊಡೆಯ ಮಾಂಸ ತನ್ನ ಭಾರಕ್ಕೇ ಸಾಯುತ್ತದೆ. ಆಮೇಲೆ ಕ್ಯಾಲ್ಸಿಯಂ ಸರಿಯಾದರೂ ಏಳಲಾರದು. ಮಗ್ಗಲು ಬದಲಿಸಿ, ಅಡಿಗೆ ಹುಲ್ಲು ಹಾಕಿ ಅಂತ ಒಂದು ಹಾಳೆಯಲ್ಲಿ ಕನ್ನಡದಾಗ ಅಚ್ಚು ಹಾಕಿ ಔಷಧ ಚೀಟಿಯ ಜೊತೆ ಕೊಡಲಿಕ್ಕೆ ಇಲಾಖೆಗೆ ಎಷ್ಟು ಖರ್ಚು? ಹಾಲಿನ ಡೇರಿ ಮುಂದೆ ತಿಂಗಳಿಗೊಂದು ದಿನ ಕೈಯಿಂದ ಮಾಡಿ ತೋರಿಸಲಿ, ನಾವು ಕಲಿಯುತ್ತೇವೆ. ಉಳಿಯದ ಪ್ರಾಣಿ ಯಾವುದು ಅಂತಲೂ ಬಾಯಿಬಿಟ್ಟು ಹೇಳಲಿ. ಅದನ್ನು ಹಿತ್ತಲಲ್ಲಿ ಕೊಳೆಯಲಿಕ್ಕೆ ಬಿಡುವುದಕ್ಕಿಂತ ಡಾಕ್ಟ್ರ ಸೂಜಿಯಿಂದ ಮಲಗಿಸುವುದು ಮೇಲು.

ಕಾಲು ಬಾರದೇ ಹೋದ ನಾಯಿಗೆ ಪ್ಲಾಸ್ಟಿಕ್ ಪೈಪು, ಮಕ್ಕಳ ಸೈಕಲ್ಲಿನ ಗಾಲಿ ಸೇರಿಸಿ ಬಂಡಿ ಮಾಡುತ್ತಾರೆ. ನಮಗೆ ಅದು ಬೇಕಾಗಲಿಲ್ಲ. ಓದುಗರಲ್ಲಿ ಯಾರಾದರೂ ಮಾಡಿದ್ದರೆ ಅಳತೆ ಸಮೇತ ಬರೆಯಿರಿ. ನೆಲ ಹಿಡಿದ ಎತ್ತನ್ನು ಜಂತಿಗೆ ಕಟ್ಟಿ ಎತ್ತುವಾಗ ಎದೆಗೆ ಹಗ್ಗ ಕೊರೆಯದಂತೆ ಏನು ಹಾಕುತ್ತೀರಿ ಅನ್ನುವುದನ್ನೂ ತಿಳಿಸಿ.