ಮೊದಲು ಸೀಟು ಏರಿಸಿ, ಆಮೇಲೆ ಮೊಣಕಾಲಿನ ಮಾತಾಡಿ

ನಮ್ಮ ಕೇರಿಯಲ್ಲಿ ಈಗ ಒಂದೇ ಚರ್ಚೆ. ನನ್ನ ನಾದಿನಿಯ ಮಗಳು ಕಾರವಾರದಿಂದ ಕುಮಟೆಗೆ ಸೈಕಲ್ ಮೇಲೆ ಹೋಗ್ತಾಳೆ. ಕಿಲೋಮೀಟರಿಗೆ ಇಷ್ಟು ಅಂತ ನೆಂಟರಿಷ್ಟರ ಹತ್ರ ಬರೆಸ್ಕೊಂಡು, ಬಂದ ದುಡ್ಡನ್ನ ಬಡ ರೋಗಿಗಳ ಔಷಧಕ್ಕೆ ಕೊಡೂದು ಅಂತ ಅವಳ ಯೋಚನೆ. ಅದ್ಕೆ ಮನೇಲಿ ಎರಡು ಪಕ್ಷ ಆಗದೆ. ಒಂದು ಪಕ್ಷದ್ದು, "ಮನೆಯ ಹಳೇ ಸೈಕಲ್ ಮೇಲೆ ಎಂತ ಹೋಗೂದು, ಐವತ್ತು ಸಾವಿರದ ಗೇರ್ ಸೈಕಲ್ ತೆಗೀರಿ." ಇನ್ನೊಂದು ಪಕ್ಷದ್ದು, "ಆ ದುಡ್ಡನ್ನೇ ರೋಗಿಗಳಿಗೆ ಕೊಟ್ಬಿಡಿ, ಹುಡುಗಿ ಮನೇಲಿರ್ಲಿ. ಹೆಣ್ಮಕ್ಕಳ ಮೊಣಕಾಲು ಅಷ್ಟು ದೂರ ತಡೀತದಾ?" ನಾನು ಹೇಳೂದು, ಎರಡೂ ಪಕ್ಷ ತಪ್ಪು.

ಮೊದಲು ಮೊಣಕಾಲಿನ ಮಾತು. ನಮ್ಮ ಹೆಣ್ಮಕ್ಕಳ ಸೈಕಲ್ ಸೀಟು ಎಷ್ಟು ಎತ್ತರ ಇರ್ತದೆ ನೋಡಿದೀರಾ? ಕೂತಲ್ಲೇ ಎರಡೂ ಪಾದ ನೆಲಕ್ಕೆ ಹತ್ತಬೇಕು, ಇಲ್ಲಾಂದ್ರೆ ಬೀಳ್ತಾಳೆ ಅಂತ ಅಂಗಡಿಯವನು ತಗ್ಗಿಸಿ ಕೊಡ್ತಾನೆ. ಎಂಟನೇ ಕ್ಲಾಸಿಗೆ ಬಂದ ಸೈಕಲ್ಲು, ಹುಡುಗಿ ಕಾಲೇಜಿಗೆ ಹೋಗುವಷ್ಟು ಬೆಳೆದ್ರೂ ಸೀಟು ಮಾತ್ರ ಅಲ್ಲೇ. ಪೇಟೆಯ ಒಂದು ಅಂಗಡಿಯಲ್ಲಿ ನಾನು ಏರಿಸಿ ಕೊಡು ಅಂದ್ರೆ "ಲೇಡೀಸ್ ಸೀಟು ಇಷ್ಟೇ ಇರೂದು ಬಾಯಿ" ಅಂತ ಪಾನಾ ಕೈಗೇ ತಗೊಳ್ಳಲಿಲ್ಲ.

ಸೀಟು ತಗ್ಗಿದ್ರೆ ಕಾಲು ಪೂರ್ತಿ ಚಾಚೂದಿಲ್ಲ. ಪೆಡಲ್ ಮೇಲೆ ಬಂದಾಗೆಲ್ಲ ಮೊಣಕಾಲು ಅತಿಯಾಗಿ ಮಡಚ್ತದೆ, ಅದೇ ಸ್ಥಿತಿಯಲ್ಲಿ ಒತ್ತಬೇಕು. ಕುಕ್ಕರುಗಾಲಲ್ಲಿ ಕೂತು ಏಳೂದನ್ನ ನೆನಪು ಮಾಡ್ಕೊಳ್ಳಿ. ಈಗ ಲೆಕ್ಕ ಹಾಕಿ. ಕಾರವಾರದಿಂದ ಕುಮಟೆ ಸುಮಾರು 70 ಕಿ.ಮೀ. ನಮ್ಮ ಗೇರಿಲ್ಲದ ಸೈಕಲ್ ಪೆಡಲ್ ಒಂದು ಸುತ್ತಿಗೆ ಸುಮಾರು 5 ಮೀಟರ್ ಹೋಗ್ತದೆ. ಅಂದ್ರೆ ಒಂದೊಂದು ಮೊಣಕಾಲು 14 ಸಾವಿರ ಸಲ ಮಡಚ್ತದೆ. ಇದು ಗಂಡಸರ ಮೊಣಕಾಲಿಗೂ ನೋವೇ. ಸೀಟಿನ ತಪ್ಪನ್ನ ಹೆಣ್ಣಿನ ಮೈಮೇಲೆ ಹಾಕೂದು ಎಂತ ನ್ಯಾಯ?

ಸೀಟಿನ ಅಳತೆ ತೆಗೆಯೂಕೆ ಯಾವ ಎಂಜಿನಿಯರೂ ಬೇಡ. ಗೋಡೆ ಹಿಡ್ಕೊಂಡು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗೆ ಇರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಬದಿಗೆ ಜಾರಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದ್ರೆ ಮೊಣಕಾಲು ಸ್ವಲ್ಪವೇ ಬಗ್ಗಿರ್ತದೆ. ಅಷ್ಟೇ. ಪಾದ ನೆಲಕ್ಕೆ ಹತ್ತೂದಿಲ್ಲ ಅಂತ ಹೆದರೂದು ಬೇಡ. ನಿಲ್ಲಿಸುವಾಗ ಸೀಟಿನಿಂದ ಮುಂದೆ ಇಳಿದು ನಿಲ್ಲೂದು. ಲೇಡೀಸ್ ಸೈಕಲ್ಲಿಗೆ ನಡುವೆ ದಂಡಿಗೆ ಇಲ್ಲದ್ದರಿಂದ ಅದು ಇನ್ನೂ ಸುಲಭ. ಸೀಟಿನ ಪೈಪಿಗೆ ಇಷ್ಟಾದ್ರೂ ಒಳಗಿರಬೇಕು ಅಂತ ಗೆರೆ ಇದ್ರೆ ಅದನ್ನ ದಾಟಿ ಎಳೀಬೇಡಿ, ಉದ್ದ ಪೈಪು ಹಾಕ್ಸಿ. ನಮ್ಮ ಉಪ್ಪುಗಾಳಿಗೆ ಆ ಪೈಪು ತುಕ್ಕು ಹಿಡಿದು ಅಂಟಿಕೊಳ್ತದೆ. ವರ್ಷಕ್ಕೊಂದು ಸಲ ತೆಗೆದು ಗ್ರೀಸ್ ಹಚ್ಚಿದ್ರೆ ಆಯ್ತು. ಒಂದು ರವಿಕೆ ಹೊಲಿಸೂಕೆ ಮೂರು ಸಲ ಅಳತೆ ಕೊಡುವವರು ನಾವು. ಸೈಕಲ್ಲಿಗೆ ಒಂದು ಸಲವೂ ಅಳತೆ ಕೊಡೂದು ಬೇಡ್ವಾ?

ಇನ್ನು ಐವತ್ತು ಸಾವಿರದ ಪಕ್ಷದವರಿಗೆ. ಅಳತೆಗೆ ಹೊಂದದ ಸೈಕಲ್ಲು ಐವತ್ತು ಸಾವಿರದ್ದಾದ್ರೂ ಮೊಣಕಾಲು ನೋಯಿಸ್ತದೆ. ಈ ದಾರಿಯಲ್ಲಿ ಅರಬೈಲ ಘಾಟಿಯೂ ಇಲ್ಲ, ದೇವಿಮನೆ ಘಾಟಿಯೂ ಇಲ್ಲ. ಸಣ್ಣಪುಟ್ಟ ಏರು ಅಷ್ಟೇ. ಅದ್ಕೆ ಹಿಂದಿನ ಗಾಲಿಯ ಫ್ರೀವೀಲ್ ಬದಲಿಸಿದ್ರೆ ಸಾಕು. ಮುಂದೆ 44 ಹಲ್ಲು, ಹಿಂದೆ 18 ಇದ್ರೆ ಒಂದು ತುಳಿತಕ್ಕೆ ಗಾಲಿ ಹತ್ರಹತ್ರ ಎರಡೂವರೆ ಸುತ್ತು ಹೋಗ್ತದೆ. ಹಿಂದೆ 22 ಹಲ್ಲಿನದು ಹಾಕಿದ್ರೆ ಎರಡೇ ಸುತ್ತು. ಸಪಾಟು ದಾರಿಯಲ್ಲಿ ಸ್ವಲ್ಪ ನಿಧಾನ, ಏರಿನಲ್ಲಿ ಕಾಲಿಗೆ ಹಗುರ. ಬ್ರೇಕ್ ರಬ್ಬರ್ ಹೊಸದು ಹಾಕ್ಸಿ. ಉಕ್ಕಿನ ರಿಮ್ ಮಳೆಗೆ ಒದ್ದೆಯಾದ್ರೆ ಬ್ರೇಕ್ ಬೇಗ ಹಿಡಿಯೂದಿಲ್ಲ, ಕೈಲಾದ್ರೆ ಅಲ್ಯೂಮಿನಿಯಂ ರಿಮ್ ಹಾಕಿಸೂದು ಒಳ್ಳೇದು. ಟಯರಿನ ಬದಿಯಲ್ಲಿ ಬರೆದಷ್ಟು ಗಾಳಿ ತುಂಬಿ. ಇದು ರಿಪೇರಿಯ ಖರ್ಚು, ಹೊಸ ಸೈಕಲ್ಲಿನ ಖರ್ಚಲ್ಲ. ಉಳಿದದ್ದು ಔಷಧಕ್ಕೆ ಹೋಗ್ಲಿ.

"ದುಡ್ಡೇ ಕೊಟ್ಬಿಡಿ" ಅನ್ನೋರಿಗೆ ಒಂದು ಪ್ರಶ್ನೆ. ಔಷಧದ ದುಡ್ಡಿನ ಮಾತಿನಲ್ಲಿ ಹುಡುಗಿ ಮನೇಲಿರಬೇಕು ಅನ್ನೋ ಮಾತು ಎಲ್ಲಿಂದ ಬಂತು? ನಿಮ್ಮ ಚಿಂತೆ ರೋಗಿಗಳದ್ದಾ, ಹೆದ್ದಾರಿಯಲ್ಲಿ ಒಬ್ಬಳೇ ಕಾಣ್ತಾಳೆ ಅನ್ನೂದಾ? ದಾರಿಯ ಲಾರಿಗಳ ಹೆದರಿಕೆ ನನಗೂ ಅದೆ. ಅದ್ಕೆ ಬೆಳಗಿನ ಹೊತ್ತು ಹೊರಡ್ಲಿ, ಜೊತೆಗೆ ನಾಲ್ಕು ಜನ ಇರ್ಲಿ, ಹಿಂದೆ ಕೆಂಪು ದೀಪ ಇರ್ಲಿ. ಮನೇಲಿ ಕೂರಿಸೂದು ಇದ್ಕೆ ಪರಿಹಾರ ಅಲ್ಲ. ಮತ್ತೆ, ಒಬ್ಬರು ಚೆಕ್ ಬರೆದ್ರೆ ಒಂದು ಮನೆ ಕೊಟ್ಟಂಗೆ. ಹುಡುಗಿ ತುಳಿದ್ರೆ ಐವತ್ತು ಮನೆ ಹತ್ತೋ ಇಪ್ಪತ್ತೋ ಕೊಡ್ತವೆ, ರೋಗಿಗಳ ಕಷ್ಟ ಐವತ್ತು ಮನೇಲಿ ಮಾತಾಗ್ತದೆ.

ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಿಗೆ ಸಾಕ್ಷರತಾ ಆಂದೋಲನದ ಜೊತೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಕಾಗದೇ ಇದ್ದಾಗ ಗಂಡಸರ ಸೈಕಲ್ಲೇ ಹತ್ತಿದರು. ನಡುವಿನ ದಂಡಿಗೆ ಮೇಲೆ ಮಗು ಕೂರಿಸೂಕೆ ಅನುಕೂಲ ಅಂತ ಕೆಲವರು ಅದನ್ನೇ ಇಷ್ಟಪಟ್ಟರು. ನಮ್ಮಲ್ಲೂ 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡ್ತು. ಅದರಲ್ಲಿ ಎಷ್ಟು ಸೈಕಲ್ ಇವತ್ತು ಕೊಟ್ಟಿಗೆಯಲ್ಲಿ ಕಟ್ಟಿಗೆಯ ಹಿಂದೆ ಬಿದ್ದಾವೆ, ನಿಮ್ಮನಿಮ್ಮ ಮನೇಲೇ ನೋಡ್ಕೊಳ್ಳಿ.

ಚಿಕ್ಕಿ, ಅತ್ತಿಗೆ, ಪಕ್ಕದ ಮನೆ ಮಾವಶಿ, ಎಲ್ಲರಿಗೂ ಹೇಳ್ತೆ. ಹುಡುಗಿ ಹೋಗೂದು ಹೋಗ್ತಾಳೆ. ಈ ಭಾನುವಾರ ನಿಮ್ಮ ಮನೆಯ ಸೈಕಲ್ಲನ್ನೂ ಹೊರಗೆ ತೆಗೀರಿ, ಪಾನಾ ನೀವೇ ಹಿಡೀರಿ, ಹಿಮ್ಮಡಿ ಇಟ್ಟು ಸೀಟು ಏರಿಸಿ, ಕದ್ವಾಡದಿಂದ ಪೇಟೆ ತನಕ ಒಮ್ಮೆ ತುಳಿದು ಬನ್ನಿ. ಆಮೇಲೂ ನಮ್ಮ ಮೊಣಕಾಲಿಗೆ ದೂರ ಆಗೂದಿಲ್ಲ ಅನ್ನಿಸಿದ್ರೆ ಆಗ ಕೂತು ಮಾತಾಡುವ.