ರಿಪೋರ್ಟಿನಲ್ಲಿ ಕಾಣದ ನೋವು

ಕಳೆದ ಮಳೆಗಾಲದ ಒಂದು ಸಂಜೆ ಅಂಕೋಲಾದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಎದುರಾದರು. ಬಗಲಲ್ಲಿ ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಲಕೋಟೆ. ಪಿಯುಸಿ ಓದುತ್ತಿರುವ ಮಗಳು ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು.

"ಮಾಸ್ತರ್ರೇ, ಇವಳ ತಲೆನೋವಿಗೆ ದೂರದ ಆಸ್ಪತ್ರೆಗೂ ಹೋಗಿ ಬಂದಾಯ್ತು. ಬಸ್ಸು, ಊಟ, ಸ್ಕ್ಯಾನಿಂಗು ಅಂತ ಕೂಡಿಟ್ಟ ದುಡ್ಡೆಲ್ಲ ಖಾಲಿ. ಕಡೆಗೆ ನೋಡಿದರೆ ಏನೂ ಇಲ್ಲವಂತೆ! ಓದೋದಕ್ಕೆ ಬೇಜಾರು, ಅಷ್ಟೇ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ."

ನನಗೆ ಬುದ್ಧಿ ಹೇಳಲು ಬಾಯಿ ಬರಲಿಲ್ಲ. ಈ ಹುಡುಗಿ ಹೈಸ್ಕೂಲಿನಲ್ಲಿದ್ದಾಗ, ಪರೀಕ್ಷೆಯ ಹಿಂದಿನ ವಾರ ತಲೆನೋವೆಂದು ಬೆಂಚಿನ ಮೇಲೆ ತಲೆಯಿಟ್ಟಿದ್ದವಳನ್ನು "ನೆಪ ಹೇಳಬೇಡ" ಎಂದು ಎಲ್ಲರೆದುರು ಗದರಿದವನು ನಾನೇ.

"ಏನೂ ಇಲ್ಲ" ಎಂದು ವೈದ್ಯರು ಹೇಳಿದ್ದು ಮಿದುಳಿನಲ್ಲಿ ಗಡ್ಡೆಯಿಲ್ಲ, ರಕ್ತಸ್ರಾವವಿಲ್ಲ, ಹೆದರಬೇಡಿ ಎಂಬ ಅರ್ಥದಲ್ಲಿ. ತಾಯಿ ಅದನ್ನು ಕೇಳಿಸಿಕೊಂಡದ್ದು ನೋವೇ ಇಲ್ಲ ಎಂದು. ಇವೆರಡೂ ಒಂದೇ ಅಲ್ಲ ಎಂಬುದನ್ನೇ ನೋವಿನ ಕುರಿತ ಇಷ್ಟು ವರ್ಷಗಳ ಸಂಶೋಧನೆ ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ಗಂಟೆ ಮತ್ತು ಹಗ್ಗ

ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 17ನೇ ಶತಮಾನದಲ್ಲಿ ನೋವನ್ನು ಗಂಟೆಗೆ ಹೋಲಿಸಿದ್ದ. ಕೆಳಗೆ ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುತ್ತದೆ. ಹಾಗೆಯೇ ಕಾಲಿಗೆ ಬೆಂಕಿ ತಗುಲಿದರೆ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಗಾಯ ದೊಡ್ಡದಾದರೆ ನೋವೂ ದೊಡ್ಡದು, ಗಾಯವಿಲ್ಲದಿದ್ದರೆ ನೋವೂ ಇಲ್ಲ. ನಾವು ಇಂದಿಗೂ ನಂಬಿರುವುದು ಇದನ್ನೇ.

ಆದರೆ 1944ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಇಟಲಿಯ ಆಂಜಿಯೋದಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಕಂಡದ್ದೇ ಬೇರೆ. ತೀವ್ರವಾಗಿ ಗಾಯಗೊಂಡಿದ್ದ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಔಷಧ ಬೇಡವೆಂದರು. ರಣರಂಗದಿಂದ ಜೀವಂತ ಪಾರಾದ ನೆಮ್ಮದಿ ಅವರ ನೋವನ್ನೇ ತಗ್ಗಿಸಿತ್ತು ಎಂದು ಬೀಚರ್ ತರ್ಕಿಸಿದರು.

ಇದು ಹೇಗೆ ಸಾಧ್ಯ? 1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ ಒಂದು ಉತ್ತರ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಗೆಯ 'ಬಾಗಿಲು' ಇದೆ. ನೋವಿನ ಸುದ್ದಿ ಅದನ್ನು ದಾಟಿಯೇ ಮಿದುಳಿಗೆ ಹೋಗಬೇಕು ಎಂದರು. ಮೊಣಕಾಲು ಹೊಸ್ತಿಲಿಗೆ ಬಡಿದಾಗ ನಾವು ತಟ್ಟನೆ ಉಜ್ಜಿಕೊಳ್ಳುತ್ತೇವಲ್ಲವೇ? ಉಜ್ಜಿದ ಸ್ಪರ್ಶದ ಸುದ್ದಿ ಆ ಬಾಗಿಲನ್ನು ಕೊಂಚ ಮುಚ್ಚುತ್ತದೆ. ಮಿದುಳೂ ಮೇಲಿನಿಂದ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಭಯ, ಚಿಂತೆ, ನಿದ್ದೆಗೇಡು ತೆರೆಯುತ್ತವೆ. ಧೈರ್ಯ, ನೆಮ್ಮದಿ, ಬೇರೆ ಕೆಲಸದಲ್ಲಿ ಮುಳುಗಿದ ಮನಸ್ಸು ಮುಚ್ಚುತ್ತವೆ. ಆ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದವು, ಮೂಲ ವಿಚಾರ ಉಳಿಯಿತು.

ನಿಲ್ಲದ ಎಚ್ಚರಿಕೆ

ಹೊಸ ಗಾಯದ ನೋವು ನಮ್ಮ ಕಾವಲುಗಾರ. ಗಾಯ ಮಾಯ್ದ ಮೇಲೆ ಅದು ಸುಮ್ಮನಾಗಬೇಕು. ಮೂರು ತಿಂಗಳು ಕಳೆದರೂ ಉಳಿದರೆ, ಇಲ್ಲವೇ ಮತ್ತೆ ಮತ್ತೆ ಮರುಕಳಿಸಿದರೆ ಅದು ದೀರ್ಘಕಾಲದ ನೋವು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಗಾಯವಾದ ಬಳಿಕ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುವುದನ್ನು ತೋರಿಸಿದರು. ಒಮ್ಮೆ ಕಳ್ಳ ಬಂದ ಮನೆಯ ನಾಯಿ ಎಲೆ ಅಲುಗಿದರೂ ಬೊಗಳುವ ಹಾಗೆ. ಬೊಗಳುವುದು ಸುಳ್ಳಲ್ಲ, ಆದರೆ ಅಂಗಳದಲ್ಲಿ ಕಳ್ಳನಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನಿಂಗ್ ವಿವರಗಳನ್ನು ಹಲವು ಅಧ್ಯಯನಗಳಿಂದ ಕಲೆಹಾಕಿ 2015ರಲ್ಲಿ ಪ್ರಕಟಿಸಿದರು. ಬೆನ್ನುಮೂಳೆಯ ಡಿಸ್ಕ್ ಸವೆತ 20ರ ಹರೆಯದವರಲ್ಲಿಯೇ ನೂರಕ್ಕೆ 37 ಮಂದಿಗೆ, 80ರ ವಯಸ್ಸಿನವರಲ್ಲಿ 96 ಮಂದಿಗೆ ಇತ್ತು! ಅಂದರೆ ಫಿಲ್ಮಿನಲ್ಲಿ ಕಂಡದ್ದೆಲ್ಲ ನೋವಲ್ಲ, ನೋವೆಲ್ಲ ಫಿಲ್ಮಿನಲ್ಲಿ ಕಾಣುವುದೂ ಇಲ್ಲ.

ಹಾಗಾದರೆ ನೋವನ್ನು ಅಳೆಯುವುದು ಹೇಗೆ? ಇಂದಿಗೂ ರೋಗಿಯ ಮಾತೇ ಮುಖ್ಯ ಅಳತೆಗೋಲು. ಅದೇ ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ವಿಂಗಡಿಸಿ ಪ್ರಶ್ನಾವಳಿ ಮಾಡಿದರು. ನಮ್ಮಲ್ಲೇನು ಪದಗಳಿಗೆ ಬರವೇ? ಚುಚ್ಚುವುದು, ಸೆಳೆಯುವುದು, ಸಿಡಿಯುವುದು, ಕೊರೆಯುವುದು, ಹಿಂಡುವುದು, ಉರಿಯುವುದು, ಜೋಮು ಹಿಡಿಯುವುದು... ಉರಿ, ಜೋಮು ಎಂದರೆ ನರದ ಕಡೆಗೆ, ತಲೆಯ ಒಂದೇ ಬದಿ ಸಿಡಿಯುತ್ತದೆ ಎಂದರೆ ಮೈಗ್ರೇನ್ ಅಂದರೆ ಅರೆತಲೆನೋವಿನ ಕಡೆಗೆ ವೈದ್ಯರ ಯೋಚನೆ ಹರಿಯುತ್ತದೆ. ಮಕ್ಕಳು ಹೇಳುವುದಕ್ಕೆ ಮೊದಲೇ ನಾವು "ನೆಪ" ಎಂದುಬಿಟ್ಟರೆ ಆ ಸುಳಿವೂ ಹೋಯಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಹೇಳಿದವರ ಮಾತನ್ನು ಗೌರವಿಸಬೇಕು ಎಂಬುದನ್ನೂ ಸೇರಿಸಿದೆ.

ಮಾತ್ರೆಯೇ ನೋವಾದಾಗ

ಮತ್ತೆ ನಮ್ಮ ಹುಡುಗಿಯ ಕಡೆ ಬರೋಣ. ತಲೆನೋವು ಅವಳೊಬ್ಬಳ ಪಾಡಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 2009-10ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ಮಾತನಾಡಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ನೂರಕ್ಕೆ ಸುಮಾರು 64 ಮಂದಿ; ಮೈಗ್ರೇನ್ ಸುಮಾರು 25 ಮಂದಿಗೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಮೈಗ್ರೇನ್ ಹೆಚ್ಚು! ಮೈಗ್ರೇನಿನಲ್ಲಿ ಸ್ಕ್ಯಾನಿಂಗ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಅಂದು ಬಸ್ಸು ಬರುವವರೆಗೆ ಹುಡುಗಿಯನ್ನು ಕೇಳುತ್ತ ಹೋದೆ. ಬೆಳಗಿನ ಬಸ್ಸು ತಪ್ಪುತ್ತದೆಂದು ತಿಂಡಿ ತಿನ್ನದೆ ಓಡುವುದು. ರಾತ್ರಿ ಹನ್ನೆರಡರವರೆಗೆ ಓದು. ತಲೆ ಸಿಡಿದರೆ ಅಂಗಡಿಯಿಂದ ತಂದ ಮಾತ್ರೆ. "ವಾರಕ್ಕೆಷ್ಟು?" ಎಂದೆ. "ದಿನಾ ಒಂದು ಸರ್, ಪರೀಕ್ಷೆ ಇದ್ರೆ ಎರಡು" ಎಂದಳು. ತಾಯಿಗೆ ಇದು ಗೊತ್ತೇ ಇರಲಿಲ್ಲ.

ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ, ಮೂರು ತಿಂಗಳು ಮೀರಿ ಸಾದಾ ನೋವಿನ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವನ್ನು ಬೆಳೆಸಬಹುದು. ಎರಡು-ಮೂರು ಔಷಧ ಬೆರೆತ ಮಾತ್ರೆಗಳಾದರೆ 10 ದಿನವೇ ಸಾಕು. ಇದನ್ನು ಬಿಡಿಸಲು ಉಪಾಯವಿದೆ, ಆದರೆ ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ಇದನ್ನೆಲ್ಲ ಕೇಳಿದ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮದುವೆಗೆ ಮುಂಚೆ ನನಗೂ ಹೀಗೇ ಬರ್ತಿತ್ತು. ಕತ್ತಲೆ ಕೋಣೇಲಿ ಬಟ್ಟೆ ಕಟ್ಟಿಕೊಂಡು ಮಲಗ್ತಿದ್ದೆ. ಯಾರ ಹತ್ರ ಹೇಳೋದು?" ಮೈಗ್ರೇನ್ ಮನೆತನದಲ್ಲಿ ಹರಿದು ಬರುವುದುಂಟು. ಮಗಳು ಆಗ ಮೊದಲ ಸಲ ತಲೆಯೆತ್ತಿ ಅಮ್ಮನ ಮುಖ ನೋಡಿದಳು.

ಪಾಲಕರೇ, ಇಷ್ಟು ಮಾಡಿ

ಮೊದಲು ನಂಬಿ. ಎಲ್ಲಿ, ಯಾವಾಗ, ಹೇಗೆ ನೋಯುತ್ತದೆ ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ನೋವು ಬಂದ ದಿನ, ನಿದ್ದೆ, ಊಟ, ನುಂಗಿದ ಮಾತ್ರೆ ಬರೆಸಿ. ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ದಿನಕ್ಕಿಷ್ಟು ನಡಿಗೆ ಇರಲಿ.

ಗದ್ದೆಯಲ್ಲಿ ಬಗ್ಗಿ, ಬುಟ್ಟಿ ಹೊತ್ತು ಸೊಂಟ ನೋಯಿಸಿಕೊಂಡ ಹಿರಿಯರಿಗೂ ತಿಂಗಳುಗಟ್ಟಲೆ ಮಲಗಿರುವುದು ಮದ್ದಲ್ಲ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮ ಮತ್ತು ಮನಸ್ಸಿಗೆ ಆಸರೆ ಕೊಡುವ ಚಿಕಿತ್ಸೆಗಳನ್ನು ಸೂಚಿಸುತ್ತದೆ. ನಮ್ಮಲ್ಲಿ ಬಹಳ ನೆಚ್ಚಿಕೊಂಡಿರುವ ಸೊಂಟದ ಬೆಲ್ಟು, ಭಾರ ಕಟ್ಟಿ ಎಳೆಯುವುದು ಇವನ್ನು ವಾಡಿಕೆಯ ಚಿಕಿತ್ಸೆಯಾಗಿ ಬೇಡವೆನ್ನುತ್ತದೆ.

ಆದರೆ ತಡಮಾಡಬಾರದ ಲಕ್ಷಣಗಳೂ ಇವೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಕೈಕಾಲಿನ ಬಲಹೀನತೆ, ದೃಷ್ಟಿ ಮಂಕು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಸೊಂಟನೋವಿನೊಡನೆ ಮೂತ್ರದ ಹಿಡಿತ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಊರಿನ ವೈದ್ಯರ ಸಲಹೆಯಂತೆ ಹುಡುಗಿ ದಿನದ ಮಾತ್ರೆ ಬಿಟ್ಟಳು. ಮೊದಲ ವಾರಗಳು ಕಷ್ಟವಾದವು, ತಲೆನೋವು ಇನ್ನಷ್ಟು ಹೆಚ್ಚಿತು. ಈಗ ತಿಂಗಳಿಗೆ ಮೂರೋ ನಾಲ್ಕೋ ದಿನ ಬರುತ್ತದೆ, ಪೂರ್ತಿ ಹೋಗಿಲ್ಲ. ಆ ದಿನಗಳಲ್ಲಿ ಅಮ್ಮನೇ ದೀಪ ಆರಿಸಿ ಬಾಗಿಲು ಮುಂದೆ ಮಾಡುತ್ತಾರಂತೆ. ಮೊನ್ನೆ ಸಿಕ್ಕಾಗ ಹುಡುಗಿಯ ಹತ್ತಿರ, ಅಂದು ತರಗತಿಯಲ್ಲಿ ಗದರಿದ್ದು ತಪ್ಪಾಯಿತು ಎಂದೆ. "ನೆನಪೇ ಇಲ್ಲ ಸರ್" ಎಂದು ನಕ್ಕಳು. ಅವಳಿಗೆ ಚೆನ್ನಾಗಿ ನೆನಪಿದೆ ಎಂದು ಆ ನಗುವಿನಲ್ಲೇ ಗೊತ್ತಾಯಿತು.