ಗೆರೆಯುಂಟು, ಅಲೆಯಿಲ್ಲ

ವಾಚಕ ಮಹಾಶಯರೊಬ್ಬರು ನಮಗೆ ಬರೆದಿರುವುದೇನೆಂದರೆ: ಇಂಜಿನಿಯರಾಗಿದ್ದ ಅವರ ತಂದೆಯವರು ಬಿಟ್ಟುಹೋದ ಹಳೆಯ ಆಸಿಲೋಸ್ಕೋಪೊಂದು ಮನೆಯಲ್ಲಿದೆ; ಟೆಕ್ಟ್ರಾನಿಕ್ಸ್ ಕಂಪನಿಯ 545ನೆಯ ಮಾದರಿ. ಗುಂಡಿ ತಿರುಗಿಸಿದರೆ ಪರದೆಯ ನಡುವೆ ಬೆಳಕಿನ ಗೆರೆ ಮೂಡುತ್ತದೆ. ಯಾವ ಸಂಕೇತವನ್ನು ಕೊಟ್ಟರೂ ಆ ಗೆರೆಯಲ್ಲಿ ಅಲೆಯೇಳುವುದಿಲ್ಲ. ವಾಲ್ವುಗಳನ್ನೆಲ್ಲ ಬದಲಾಯಿಸಬಹುದೇ, ಅಥವಾ ಗುಜರಿಗೆ ಹಾಕಬಹುದೇ ಎಂದು ಕೇಳಿದ್ದಾರೆ. ಎರಡೂ ಕೂಡದೆಂಬುದು ನಮ್ಮ ಉತ್ತರ.

ಈ ಯಂತ್ರವನ್ನು ಕಾಣದವರಿಗಾಗಿ ಎರಡು ಮಾತು. ವಿದ್ಯುತ್ತಿನ ಏರಿಳಿತಗಳನ್ನು ಗಾಜಿನ ಪರದೆಯ ಮೇಲೆ ಬರೆದು ತೋರಿಸುವ ಸಾಧನವೇ ಆಸಿಲೋಸ್ಕೋಪು. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಹೋವರ್ಡ್ ವೋಲಮ್, ಜ್ಯಾಕ್ ಮರ್ಡಾಕ್ ಮೊದಲಾದವರು 1946ರಲ್ಲಿ ಈ ಕಂಪನಿಯನ್ನು ಸ್ಥಾಪಿಸಿದರು. 545 ಹುಟ್ಟಿದ್ದು 1950ರ ದಶಕದ ನಡುವೆ. ಒಬ್ಬಾಳು ಎತ್ತಲು ಏದುಸಿರು ಬಿಡಬೇಕಾದಷ್ಟು ಭಾರ. ಕ್ಷೀಣವಾದ ಸಂಕೇತವನ್ನು ಬಲಪಡಿಸುವ ಮೊದಲ ವರ್ಧಕವು ಇದರಲ್ಲಿ ಎಳೆದು ತೆಗೆಯಬಹುದಾದ ಬೇರೆಯ ಪೆಟ್ಟಿಗೆಯಾಗಿದೆ. ಎರಡನೆಯದು ಯಂತ್ರದ ಒಡಲಿನಲ್ಲಿದೆ.

ಎಲ್ಲಕ್ಕಿಂತ ಮೊದಲು ಪ್ರಾಣದ ಮಾತು. ಒಳಗೆ 500 ವೋಲ್ಟಿನವರೆಗಿನ ಸರಬರಾಜುಗಳಿವೆ. ಚಿತ್ರನಳಿಕೆಯ ಕಡೆಗೆ ಒಟ್ಟು ಸುಮಾರು 10,000 ವೋಲ್ಟು. ಗೋಡೆಯ ತಂತಿಯನ್ನು ಕಿತ್ತ ಮೇಲೂ ಕಂಡೆನ್ಸರುಗಳು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ವಾಲ್ವು ರೇಡಿಯೋಗಳಲ್ಲಿ ಕೈ ಪಳಗಿದವರನ್ನು ಜೊತೆಗಿಟ್ಟುಕೊಳ್ಳದೆ ಮುಚ್ಚಳವನ್ನು ತೆರೆಯತಕ್ಕದ್ದಲ್ಲ; ಮಕ್ಕಳು ಆ ಕೋಣೆಗೆ ಬರತಕ್ಕದ್ದಲ್ಲ. ಇನ್ನೊಂದು: ಅಮೆರಿಕದ ಮನೆಗಳಿಗೆಂದು ಮಾಡಿದ ಯಂತ್ರವು 117 ವೋಲ್ಟಿಗೆ ಜೋಡಿಸಲ್ಪಟ್ಟಿರುವುದುಂಟು. ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ನಮ್ಮ 230ಕ್ಕೆ ಹೊಂದುವಂತೆ ಜೋಡಿಸಿದೆಯೇ ಎಂದು ನೋಡದೆ ಹಚ್ಚುವುದು ಮೂರ್ಖತನ. ಇವರ ಯಂತ್ರ ಈಗಾಗಲೇ ಇಲ್ಲಿ ಉರಿಯುತ್ತಿರುವುದರಿಂದ ಆ ಚಿಂತೆಯಿಲ್ಲ.

ಇನ್ನು ವಿಚಾರಕ್ಕೆ ಬರೋಣ. ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಇದು ಇದ್ದಲ್ಲಿ ಅದು ಇರುವುದು ಅನ್ವಯ. ಇದು ಇಲ್ಲದಲ್ಲಿ ಅದೂ ಇಲ್ಲದಿರುವುದು ವ್ಯತಿರೇಕ. ಹೊಗೆ ಬೆಂಕಿಗಳ ಉದಾಹರಣೆಯನ್ನು ಗಟ್ಟಿ ಮಾಡಿದ ವಿದ್ಯಾರ್ಥಿಗಳಿಗೆ ಅದರ ಪ್ರಯೋಜನವೇನೆಂದು ತೋರದೆ ಇರಬಹುದು. ಪ್ರಯೋಜನ ಇಲ್ಲಿದೆ. ಸಂಕೇತವು ಎಲ್ಲಿಯವರೆಗೆ ಉಂಟು, ಎಲ್ಲಿಂದ ಮುಂದೆ ಇಲ್ಲ, ಎಂಬ ಗಡಿಯನ್ನು ಗೊತ್ತುಮಾಡಿದರೆ ದೋಷದ ಮನೆ ಸಿಕ್ಕಿದಂತೆ. ವಾಲ್ವುಗಳನ್ನು ಸಾರಾಸಗಟಾಗಿ ಬದಲಾಯಿಸುವುದು ಜ್ವರ ಬಂದವನಿಗೆ ಅಂಗಡಿಯ ಔಷಧಗಳನ್ನೆಲ್ಲ ಕುಡಿಸಿದಂತೆ. ಅದಲ್ಲದೆ ಪ್ರತಿಯೊಂದು ವಾಲ್ವೂ ತನ್ನ ಸ್ಥಾನಕ್ಕೆ ಹೊಂದಿಕೊಂಡಿರುತ್ತದೆ. ಪರೀಕ್ಷೆಗೆ ತೆಗೆದದ್ದನ್ನು ಅದದೇ ಕುಣಿಯಲ್ಲಿ ಮರಳಿ ಇಡಬೇಕು.

ಮುಚ್ಚಳ ತೆರೆಯದೆಯೇ ಬಹಳವನ್ನು ತಿಳಿಯಬಹುದು. ಮುಖಫಲಕದಲ್ಲಿ ಗೆರೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುವ ಗುಂಡಿಯುಂಟು. ಅದನ್ನು ತಿರುಗಿಸಿರಿ. ಗೆರೆ ಏರಿ ಇಳಿದರೆ, ಆ ಗುಂಡಿಯಿಂದ ಪರದೆಯವರೆಗಿನ ದಾರಿಯೆಲ್ಲ ಜೀವಂತವಾಗಿದೆ; ಇಪ್ಪತ್ತಕ್ಕೂ ಹೆಚ್ಚು ವಾಲ್ವುಗಳು ಒಂದೇ ಪ್ರಶ್ನೆಯಿಂದ ನಿರ್ದೋಷಿಗಳೆಂದು ಬಿಡುಗಡೆಯಾದವು! ಆಗ ದೋಷವಿರುವುದು ಗುಂಡಿಯ ಹಿಂದೆ: ತಂತಿಯಲ್ಲಿ, ಸಂಕೇತವನ್ನು ತಗ್ಗಿಸುವ ಸ್ವಿಚ್ಚಿನಲ್ಲಿ, ಇಲ್ಲವೆ ಮೊದಲ ವಾಲ್ವಿನಲ್ಲಿ. ಯಂತ್ರದೊಳಗೇ ಸೆಕೆಂಡಿಗೆ ಸುಮಾರು 1,000 ಚೌಕದ ಅಲೆಗಳನ್ನು ಹುಟ್ಟಿಸುವ ವ್ಯವಸ್ಥೆಯಿದೆ. ಶೋಧಕದ ತಂತಿಯನ್ನು ಬಿಟ್ಟು, ಸಾಮಾನ್ಯ ತಂತಿಯಿಂದ ಅದನ್ನು ನೇರವಾಗಿ ಕೊಟ್ಟು ನೋಡಬೇಕು. ಅಲೆ ಕಂಡರೆ ತಪ್ಪು ಶೋಧಕದ್ದು. ಅದರ ನಡುವಿನ ಎಳೆ ಕೂದಲಿನಷ್ಟು ತೆಳು, ಹೊರಗೆ ಕಾಣದಂತೆ ಮುರಿಯುತ್ತದೆ. ಕಾಣದಿದ್ದರೆ ವಿದ್ಯುತ್ತನ್ನು ಕಡಿದು ಸ್ವಿಚ್ಚನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಬಾರಿ ತಿರುಗಿಸಿರಿ. ವರ್ಷಗಟ್ಟಲೆ ಸುಮ್ಮನಿದ್ದ ಲೋಹದ ನಾಲಗೆಗಳಿಗೆ ಕಿಲುಬು ಹತ್ತಿರುತ್ತದೆ; ಎಷ್ಟೋ ಯಂತ್ರಗಳು ಇಷ್ಟರಿಂದಲೇ ಮಾತಾಡುವುದುಂಟು.

ಗುಂಡಿಗೂ ಗೆರೆ ಕದಲದಿದ್ದರೆ ಕಾರ್ಯ ಕಠಿಣ. ಆಗ ಅದೇ ಜಾತಿಯ ಇನ್ನೊಂದು ಪೆಟ್ಟಿಗೆಯನ್ನು ಎರವಲು ತಂದು ಇಡುವುದೇ ಉತ್ತಮ ಪರೀಕ್ಷೆ. ಅದಕ್ಕೂ ಕದಲದಿದ್ದರೆ ಒಡಲಿನ ಸರಬರಾಜುಗಳನ್ನು ಅಳೆಯಬೇಕು. ಮೊದಲು ಋಣ 150 ವೋಲ್ಟು, ಅನಂತರ ಉಳಿದವು. ಏಕೆಂದರೆ ಉಳಿದವೆಲ್ಲ ಅದನ್ನೇ ಅಳತೆಗೋಲಾಗಿ ಹಿಡಿದು ನಡೆಯುತ್ತವೆ. ವರ್ಧಕದಲ್ಲಿ ಸಂಕೇತವು ಜೋಡಿ ದಾರಿಗಳಲ್ಲಿ ಸಾಗುವುದರಿಂದ ಪ್ರತಿ ವಾಲ್ವಿಗೂ ಒಂದು ಅವಳಿಯುಂಟು. ಎರಡರ ವೋಲ್ಟುಗಳನ್ನು ಹೋಲಿಸಿದರೆ ಆರೋಗ್ಯವಂತ ಅವಳಿಯೇ ರೋಗಿಯ ವಿರುದ್ಧ ಸಾಕ್ಷಿ ಹೇಳುತ್ತದೆ.

ಕೆಟ್ಟ ರೋಧಕವೋ ಕಂಡೆನ್ಸರೋ ಸಿಕ್ಕಿತೆನ್ನಿ. ಬೆಸುಗೆಗೆ ಪೇಟೆಯ ಸೀಸವನ್ನು ತರಬಾರದು. ಪಿಂಗಾಣಿಯ ಪಟ್ಟಿಗಳ ಮೇಲೆ ಬೆಳ್ಳಿಯ ಲೇಪವಿದೆ. ಸಾಧಾರಣ ಬೆಸುಗೆ ಆ ಬೆಳ್ಳಿಯನ್ನು ಕರಗಿಸಿಕೊಂಡು ಪಟ್ಟಿಯನ್ನೇ ಕೆಡಿಸುತ್ತದೆ. ನೂರಕ್ಕೆ ಸುಮಾರು 3 ಪಾಲು ಬೆಳ್ಳಿ ಬೆರೆತ ಬೆಸುಗೆ ಬೇಕು. ಮಾಡಿದವರು ಇದನ್ನು ಮುಂದಾಗಿ ಎಣಿಸಿ, ಅಂಥ ತಂತಿಯ ಸಣ್ಣ ಉರುಳೆಯೊಂದನ್ನು ಯಂತ್ರದೊಳಗೇ ಸಿಕ್ಕಿಸಿ ಕಳುಹುತ್ತಿದ್ದರು. ಮುಚ್ಚಳ ತೆರೆದಾಗ ಹುಡುಕಿರಿ. ತಂದೆಯವರು ಬಳಸಿ ಮುಗಿಸಿರದಿದ್ದರೆ ಅಲ್ಲೇ ಇದ್ದೀತು.